ಕೈ ಎತ್ತಿದ ಇಪ್ಪತ್ತಮೂರು ಮಂದಿ

ಲಿಫ್ಟ್ ಮೇಸ್ತ್ರಿಗೆ ಜನರ ಮೇಲೆ ಅಂಥ ಗೌರವ ಯಾವತ್ತೂ ಇರಲಿಲ್ಲ. ಇಪ್ಪತ್ತಾರು ವರ್ಷ ಲಿಫ್ಟುಗಳ ಹೊಟ್ಟೆಯೊಳಗೆ ಕೈಹಾಕಿ ಬದುಕಿದವನು ಅವನು. ಗುಂಡಿಯನ್ನು ಹತ್ತು ಸಲ ಒತ್ತಿದರೆ ಲಿಫ್ಟ್ ಹತ್ತು ಪಟ್ಟು ಬೇಗ ಬರುತ್ತದೆ ಎಂದು ನಂಬುವವರನ್ನು ಅವನು ದಿನಾ ನೋಡುತ್ತಿದ್ದ. ಆರು ಮಂದಿಗೆ ಮಾತ್ರ ಎಂದು ಬರೆದ ಫಲಕದ ಕೆಳಗೆ ಒಂಬತ್ತು ಮಂದಿ, ಉಸಿರು ಬಿಗಿಹಿಡಿದರೆ ತೂಕ ಇಳಿಯುತ್ತದೇನೋ ಎಂಬಂತೆ ನಿಂತಿರುವುದನ್ನೂ ನೋಡಿದ್ದ. ಹೀಗಾಗಿ ಅವನ ಮಾತು ಯಾರಿಗಾದರೂ ಚುಚ್ಚದೆ ಹೊರಗೆ ಬರುತ್ತಿರಲಿಲ್ಲ. "ಆ ನಾಲಿಗೆಗೂ ಒಂಚೂರು ಗ್ರೀಸ್ ಹಚ್ಕೋಬಾರದಾ?" ಎಂದು ಹೆಂಡತಿಯೇ ಕೇಳುತ್ತಿದ್ದಳು.

ಅವನು ತಿಂಗಳಿಗೊಮ್ಮೆ ಹೋಗುತ್ತಿದ್ದ ಕಟ್ಟಡಗಳಲ್ಲಿ ಇಪ್ಪತ್ತನಾಲ್ಕು ಮನೆಗಳ, ಎಂಟು ಮಹಡಿಯ ಒಂದು ಹಳೆಯ ಕಟ್ಟಡವಿತ್ತು. ಒಂದು ಬೆಳಿಗ್ಗೆ ಅಲ್ಲಿನ ತಾರಸಿಯ ಯಂತ್ರದ ಕೋಣೆಯಲ್ಲಿ ಕೂತು, ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗಗಳ ಮೇಲೆ ಹತ್ತಿಯ ಉಂಡೆ ಸವರಿದ. ಹಗ್ಗ ಚೆನ್ನಾಗಿದ್ದರೆ ಹತ್ತಿ ಜಾರಿ ಹೋಗಬೇಕು. ನಾಲ್ಕು ಹಗ್ಗಗಳಲ್ಲಿ ಎರಡರ ಮೇಲೆ ಅದು ಗೇಣು ಗೇಣಿಗೂ ಸಿಕ್ಕಿಕೊಂಡಿತು. ಒಳಗಿನ ತಂತಿಗಳು ತುಂಡಾಗಿ ಮುಳ್ಳಿನ ಹಾಗೆ ಎದ್ದಿದ್ದವು. ತಿರುಚಿನ ಸಂದುಗಳಿಂದ ತುಕ್ಕಿನ ಕೆಂಪು ಪುಡಿ ಉದುರಿತು.

ಕೆಳಗಿಳಿದು ಕಟ್ಟಡದ ಸಂಘದ ಅಧ್ಯಕ್ಷರಿಗೆ ಹೇಳಿದ. "ಹಗ್ಗ ಹೋಗಿದೆ ಸಾರ್. ಹೊಸದು ಬರೋಕೆ ಮೂರು ವಾರ ಬೇಕು. ಅಲ್ಲೀತನಕ ಲಿಫ್ಟ್ ಬಂದ್."

"ನಾಲ್ಕೂ ಹೋಗಿದ್ಯಾ?"

"ಎರಡು."

"ಹಾಗಾದ್ರೆ ಇನ್ನೆರಡು ಇದೆಯಲ್ಲಪ್ಪಾ. ಸಾಲದ್ದಕ್ಕೆ ಬ್ರೇಕ್ ಬೇರೆ ಇರುತ್ತಂತೆ."

"ಆ ಬ್ರೇಕಿಗೂ ನಿಮ್ಮ ಕಟ್ಟಡದಷ್ಟೇ ವಯಸ್ಸಾಗಿದೆ ಸಾರ್."

ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿದರು. ಮೂರು ವಾರ ಮೆಟ್ಟಿಲು ಹತ್ತುವುದೆಂದರೆ ಎಲ್ಲರ ಮುಖವೂ ಕಹಿ ಕಷಾಯ ಕುಡಿದಂತಾಯಿತು. ಆದರೆ ಕಾಲು ನೋಯುತ್ತದೆ ಎಂದು ಹೇಳಲು ನಾಚಿಕೆ. ಆಗ ಎಂಟನೇ ಮಹಡಿಯ ಹೆಂಗಸಿಗೆ ಒಳ್ಳೆಯ ದಾರಿಯೊಂದು ಹೊಳೆಯಿತು.

"ನಮ್ಮದು ಹೇಗೋ ನಡೆಯುತ್ತೆ. ಪಾಪ, ಟೀಚರಮ್ಮನ ಗತಿ ಏನು?"

ಟೀಚರಮ್ಮ ಎಂದರೆ ಏಳನೇ ಮಹಡಿಯಲ್ಲಿ ತಂಗಿಯ ಜೊತೆಗಿದ್ದ ನಿವೃತ್ತ ಶಿಕ್ಷಕಿ. ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗಬೇಕಿತ್ತು. ನಾಲ್ಕು ವರ್ಷದಲ್ಲಿ ಅವರ ಬಾಗಿಲು ತಟ್ಟದವರೆಲ್ಲ ಈಗ ಅಯ್ಯೋ ಪಾಪ ಎಂದರು. ಸಭೆಗೆ ಆ ಮನೆಯವರನ್ನು ಕರೆದಿರಲಿಲ್ಲ.

ಮೇಸ್ತ್ರಿಗೆ ಇವರ ಮರುಕ ಕಂಡು ಹೇಸಿಗೆಯಾಯಿತು. ಆದರೂ ಮಾತು ನಾಟಿತು. ಹಗ್ಗ ಹರಿದರೂ ಹರಿಯಬಹುದು, ಹರಿಯದೆಯೂ ಇರಬಹುದು. ಆಸ್ಪತ್ರೆ ತಪ್ಪಿದರೆ ಮಾತ್ರ ಆ ಹೆಂಗಸು ಉಳಿಯುವುದಿಲ್ಲ. ಅವರೊಬ್ಬರಿಗೆ ಮಾತ್ರ ಲಿಫ್ಟ್ ಬಿಡೋಣವೇ ಎಂದು ಅವನಿಗೂ ಒಂದು ಗಳಿಗೆ ಅನ್ನಿಸಿತು. ಒಬ್ಬರಿಗೆ ತೆರೆದ ಬಾಗಿಲಲ್ಲಿ ಇವರೆಲ್ಲ ನುಗ್ಗುತ್ತಾರೆ, ಹಗ್ಗ ಹರಿಯುವ ದಿನ ಒಳಗೆ ಟೀಚರಮ್ಮನೇ ಇರುತ್ತಾರೆ ಎಂದುಕೊಂಡು ತಲೆ ಕೊಡವಿದ.

"ಕುರ್ಚಿ ಮೇಲೆ ಕೂರಿಸಿ ಎತ್ಕೊಂಡು ಹೋಗೋಣ" ಎಂದ. "ನಾನೊಬ್ಬ ಬರ್ತೀನಿ. ಇನ್ನು ಮೂರು ಜನ ಸಾಕು. ಯಾರು ಬರ್ತೀರಿ?"

ಒಬ್ಬರಿಗೆ ಸೊಂಟ ನೋವು ನೆನಪಾಯಿತು. ಇನ್ನೊಬ್ಬರಿಗೆ ಫೋನ್ ಬಂತು. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಐದು ಸುತ್ತು ಓಡುವ ಮನುಷ್ಯ ತನ್ನ ಚಪ್ಪಲಿಯನ್ನೇ ಮೊದಲ ಸಲ ಕಂಡವನಂತೆ ನೋಡುತ್ತ ಕೂತ.

"ಹಾಗಾದ್ರೆ ಲಿಫ್ಟ್ ಓಡಲಿ ಅನ್ನೋರು ಕೈ ಎತ್ತಿ" ಎಂದರು ಅಧ್ಯಕ್ಷರು. ಇಪ್ಪತ್ತಮೂರು ಕೈಗಳು ಎದ್ದವು. "ಬಹುಮತ ಅಂದ್ಮೇಲೆ ಮುಗೀತಲ್ಲ. ನಾವೇ ಜವಾಬ್ದಾರಿ ಅಂತ ಬರೆದುಕೊಡ್ತೀವಿ."

ಕಂಪನಿಯ ಮ್ಯಾನೇಜರ್ ಕೂಡ ಫೋನಿನಲ್ಲಿ ಅದನ್ನೇ ಹೇಳಿದ. "ಬರ್ಕೊಡ್ತಾರೆ ಅಂದ್ರೆ ನಿನ್ ಗಂಟೇನು ಹೋಗುತ್ತೆ?"

ಇಷ್ಟು ಕೈ ಎತ್ತಿದರೆ ತುಂಡಾದ ಒಂದು ತಂತಿಯಾದರೂ ಕೂಡಿಕೊಳ್ಳುತ್ತದೆಯೇ? ಮೇಸ್ತ್ರಿ ತಾರಸಿಗೆ ಹತ್ತಿ, ಲಿಫ್ಟನ್ನು ನಡೆಸುವ ಎಲೆಕ್ಟ್ರಾನಿಕ್ ಕಾರ್ಡನ್ನು ಕಳಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಏಳಕ್ಕೆ, ಎರಡು ಕಡೆ ಕೊಳವೆ ಬಿಗಿದ ಮರದ ಕುರ್ಚಿಯೊಂದಿಗೆ ಟೀಚರಮ್ಮನ ಬಾಗಿಲಲ್ಲಿ ನಿಂತಿದ್ದ. ಜೊತೆಗೆ ಬಂದವನು ಕಟ್ಟಡದ ಕಾವಲುಗಾರ ಒಬ್ಬನೇ. ಟೀಚರಮ್ಮ ದೊಡ್ಡ ಆಳೇನಲ್ಲ, ಆದರೆ ಏಳು ಮಹಡಿ ಏಳೇ. ಬಾಗಿಲುಗಳು ಅರ್ಧ ತೆರೆದುಕೊಂಡವು. ಪಾರ್ಕಿನಲ್ಲಿ ಓಡುವವನು "ನಿಧಾನ, ನಿಧಾನ" ಎಂದು ಕಾಳಜಿ ತೋರಿಸಿ ಬಾಗಿಲು ಹಾಕಿಕೊಂಡ.

ಮೂರನೇ ಸಲಕ್ಕೆ ಎರಡನೇ ಮಹಡಿಯ ದರ್ಜಿ ಮೇಲೆ ಬಂದು ಕೊಳವೆಗೆ ಕೈ ಕೊಟ್ಟ.

"ನೀವೂ ಕೈ ಎತ್ತಿದ್ರಲ್ಲ?" ಎಂದ ಮೇಸ್ತ್ರಿ.

"ಎಲ್ಲಾ ಎತ್ತಿದ್ರು, ನಾನೂ ಎತ್ತಿದೆ."

"ಸರಿ, ಈಗ ಕುರ್ಚಿ ಎತ್ತಿ."

ಆರನೇ ಸಲ ಇಳಿಯುವಾಗ, ಮೂರನೇ ಮಹಡಿಯ ತಿರುವಿನಲ್ಲಿ ಕುರ್ಚಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಟೀಚರಮ್ಮ ಹೇಳಿದರು, "ನನ್ನನ್ನ ಕೇಳಿದ್ರೆ ನಾನೂ ಲಿಫ್ಟೇ ಓಡಲಿ ಅಂತಿದ್ದೆ ಕಣಪ್ಪಾ. ಈ ಕುರ್ಚಿಲಿ ಕೂತ್ರೆ ಜೀವ ಬಾಯಿಗೆ ಬರುತ್ತೆ."

"ನೀವು ಹೇಳಿದ್ರೂ ಬಿಡ್ತಿರಲಿಲ್ಲ ಅಮ್ಮಾ."

"ಎಲ್ಲರಿಗಿಂತ ನೀನೇ ಬುದ್ಧಿವಂತನಾ?"

"ಹಗ್ಗ ಮುಟ್ಟಿ ನೋಡಿದವನು ನಾನೊಬ್ಬನೇ." ಟೀಚರಮ್ಮ ಸೆರಗನ್ನು ಮಡಿಲಿಗೆ ಸೇರಿಸಿಕೊಂಡು, ಎತ್ತಿ ಎಂಬಂತೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಹತ್ತೊಂಬತ್ತನೇ ದಿನ ಹೊಸ ಹಗ್ಗ ಬಂತು. ಮೇಸ್ತ್ರಿ ಅದನ್ನು ಹಾಕಿ, ಹಳೆಯದನ್ನು ಸುರುಳಿ ಸುತ್ತಿ ಎಲ್ಲರ ಕಣ್ಣಿಗೆ ಬೀಳುವಂತೆ ಕೆಳಗೆ ಇಟ್ಟ. ಅಧ್ಯಕ್ಷರು ಅದನ್ನು ಬೂಟಿನ ತುದಿಯಿಂದ ಒದ್ದು ನೋಡಿದರು. "ಎಷ್ಟು ಗಟ್ಟಿ ಇದೆ. ಇನ್ನೂ ಆರು ತಿಂಗಳು ಬರ್ತಿತ್ತು." ಸುತ್ತ ನಿಂತವರು ಹೌದೆಂದರು. ಇಪ್ಪತ್ತಮೂರು ಸಹಿ ಹಾಕಿದ ದೂರು ಕಂಪನಿಗೆ ಹೋಯಿತು. ದರ್ಜಿಯ ಸಹಿಯೂ ಅದರಲ್ಲಿತ್ತು. ಮೇಸ್ತ್ರಿಯನ್ನು ಊರಾಚೆಯ ಗೋದಾಮಿಗೆ, ಸರಕು ಎತ್ತುವ ಲಿಫ್ಟ್ ನೋಡಿಕೊಳ್ಳಲು ಹಾಕಿದರು.

ಹೆಂಡತಿ ಅವನ ಊದಿದ ಭುಜಕ್ಕೆ ಬಿಸಿ ಬಟ್ಟೆ ಒತ್ತುತ್ತ ಕೇಳಿದಳು. "ನಿಜ ಹೇಳಿ, ಅದು ಹರಿದೇ ಹೋಗ್ತಿತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲದೇ ಇಷ್ಟೆಲ್ಲಾ ಮಾಡಿದ್ರಾ?"

"ಗೊತ್ತಿಲ್ಲ ಅಂತಲೇ ಮಾಡಿದ್ದು. ಅವರಿಗೂ ಗೊತ್ತಿರಲಿಲ್ಲ, ಆದ್ರೂ ಕೈ ಎತ್ತಿದ್ರು."

ಗೋದಾಮಿನ ಕೆಲಸ ಹೇಗಿದೆ ಎಂದು ಅವಳು ಕೇಳಿದಳು. ಮೂಟೆಗಳು ಸಭೆ ಸೇರುವುದಿಲ್ಲ, ಆರಾಮಾಗಿದೆ ಎಂದ.