ಕೊಳ್ಳಿಯ ಸಾಲು ಮುಗಿಸುವ ಕೂಗಣ್ಣ

ಬೆಳಕು ಹರಿಯುವ ಮುನ್ನವೇ ತರಕಾರಿ ಸಗಟು ಮಾರುಕಟ್ಟೆಯಲ್ಲಿ ಒಂದು ಗಂಟಲು ಬಿಚ್ಚಿಕೊಳ್ಳುತ್ತದೆ. ಟೊಮೆಟೊ ಬುಟ್ಟಿಗಳ ನಡುವೆ, ಮರದ ಪೆಟ್ಟಿಗೆಯೊಂದರ ಮೇಲೆ ನಿಂತು ಕೂಗಣ್ಣ ಹರಾಜು ಕೂಗುತ್ತಿದ್ದಾರೆ. ಉಸಿರು ಎಲ್ಲಿ ಎಳೆದುಕೊಳ್ಳುತ್ತಾರೋ ದೇವರೇ ಬಲ್ಲ! ಬೆಲೆ ಏರುತ್ತದೆ, ಮಾತು ಓಡುತ್ತದೆ, ನಡುವೆ ಮೀನಮೇಷ ಎಣಿಸುವ ವ್ಯಾಪಾರಿಗೊಂದು ಏಟು: "ನೋಡಿದ್ದು ಸಾಕು ಕಣಪ್ಪಾ, ಕೋಸು ನಾಚಿಕೊಳ್ತಿದೆ!"

ಅಲ್ಲೇ ಮೂಟೆ ಹೊರುವವರ ಕಿವಿಯಲ್ಲಿ ಕೊಳ್ಳಿ ಎಂಬ ಹಾಡುಗಾರನ ಹಾಡು. ಆ ಹಾಡುಗಳ ಪ್ರತಿ ಸಾಲಿನ ಕೊನೆಗೆ ಗುಡುಗುವ ಎರಡನೇ ದನಿ ಯಾರದೆಂದು ಅಭಿಮಾನಿಗಳು ಇನ್ನೂ ತಲೆ ಕೆಡಿಸಿಕೊಳ್ಳುತ್ತಾರೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ದನಿ ಪೆಟ್ಟಿಗೆಯ ಮೇಲೆ ನಿಂತು ಬದನೆಕಾಯಿ ಮಾರುತ್ತಿದೆ.

ಕೊಳ್ಳಿ ತೀರಿಕೊಂಡು ಮೂರು ವರ್ಷ. ಎಂಥ ರ‍್ಯಾಪ್ ಹಾಡುಗಾರ! ಪೊಲೀಸರು, ಮನೆ ಮಾಲೀಕರು, ಕೊನೆಗೆ ತನ್ನನ್ನೂ ಬಿಡದೆ ಜಾಡಿಸಿದವನು. ಸೆರೆಮನೆ ಕಂಡ, ಅಮಲಿಗೆ ಬಿದ್ದ. ಎದೆ ಸೋತ ಮೇಲೆ ಒಂದು ಸಾಲು ಮುಗಿಸುವಷ್ಟೂ ಉಸಿರು ನಿಲ್ಲುತ್ತಿರಲಿಲ್ಲ. ಆಗ ಗೆಳೆಯರಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡರು: ಸಾಲಿನ ಕೊನೆಯ ಮಾತು ಕೂಗಣ್ಣನದು. "ನಾನು ಅದನ್ನ ಹೇಳೋ ಅಷ್ಟರಲ್ಲಿ ಅವನು ಉಸಿರು ತಗೋತಿದ್ದ. ಜನ ಅದನ್ನ ಹೊಸ ಶೈಲಿ ಅಂದ್ಕೊಂಡ್ರು," ಎಂದು ಕೂಗಣ್ಣ ನಗುತ್ತಾರೆ.

ಆ ನಗು ಕೊನೆಯ ಹಾಡಿನ ಮಾತು ಬಂದಾಗ ಮಾಯವಾಗುತ್ತದೆ. ಅದರಲ್ಲಿ ಕೊಳ್ಳಿಯ ಪಾಲು ಮಾತ್ರ ಧ್ವನಿಮುದ್ರಣವಾಗಿತ್ತು. ಕೊನೆಯ ಮಾತುಗಳೆಲ್ಲ ಖಾಲಿ. ಹಾಡಿನ ತುಂಬ ಇದ್ದವರು ಅವನ ಅಕ್ಕ, ಬಟ್ಟೆ ಹೊಲಿದು ತಮ್ಮನನ್ನು ಸಾಕಿದವರು. ಅಮಲಿಗಾಗಿ ಅವನು ಆ ಹೊಲಿಗೆ ಯಂತ್ರವನ್ನೇ ಮಾರಿ ಬಂದ ದಿನ ಅಕ್ಕ ಬಾಗಿಲು ಹಾಕಿಕೊಂಡರು. ಅವನು ಆಚೆ ನಿಂತು ಕೂಗಿದ, ಒದ್ದ, ಹೊರಟುಹೋದ. ಹಾಡು ಶುರುಮಾಡಿದ ವಾರದಲ್ಲೇ ಹೆಣವಾದ. ಅವನು ಕೋಪದಲ್ಲೇ ಹೋದನೇ ಎಂಬ ಪ್ರಶ್ನೆ ಅಕ್ಕನನ್ನು ಅಂದಿನಿಂದ ತಿನ್ನುತ್ತಿದೆ.

ಹೋದ ತಿಂಗಳು ಧ್ವನಿಮುದ್ರಣದ ಕೋಣೆಯಲ್ಲಿ ಕೂಗಣ್ಣ ಖಾಲಿ ಜಾಗಗಳನ್ನು ತುಂಬಿದರು. ಪಕ್ಕದಲ್ಲೇ ಅಕ್ಕ ಕುಳಿತಿದ್ದರು. ಎಲ್ಲ ಮಾತುಗಳನ್ನೂ ಕೊಳ್ಳಿ ಅಭ್ಯಾಸದ ಹೊತ್ತಿನಲ್ಲಿ ಹೇಳಿಕೊಟ್ಟಿದ್ದ, ಒಂದನ್ನು ಬಿಟ್ಟು. ಕಟ್ಟಕಡೆಯ ಸಾಲು: "ಅಕ್ಕಾ, ಬಾಗಿಲು ತೆಗಿ, ನಾನು..." ಅದರ ಮುಂದಿನದ್ದನ್ನು ನಾಳೆ ಹೇಳುತ್ತೇನೆಂದಿದ್ದ.

ಹಾಡು ಹೊರತರುವವರು, "ಸುಟ್ಟುಬಿಡ್ತೀನಿ ಅನ್ನಿ, ಅಭಿಮಾನಿಗಳಿಗೆ ಅದೇ ಬೇಕು," ಎಂದರು. ಅಕ್ಕ ಕೂಗಣ್ಣನ ತೋಳು ಹಿಡಿದುಕೊಂಡರು: "ತಪ್ಪು ಮಾಡ್ದೆ ಅಂತ ಹೇಳಿಬಿಡೋ. ಸುಳ್ಳಾದ್ರೂ ಪರವಾಗಿಲ್ಲ."

ಕೂಗಣ್ಣ ಆಗದೆಂದು ತಲೆಯಾಡಿಸಿದರು. "ಅವನು ಕೊಟ್ಟಿದ್ದನ್ನೆಲ್ಲ ಹೇಳ್ದೆ ಅಕ್ಕಾ. ಕೊಡದೇ ಇದ್ದಿದ್ದನ್ನ ಅವನ ಬಾಯಿಗೆ ತುರುಕಲ್ಲ."

ಒಂದು ಮಾತಿಗೆ ಊರೇ ಕೊಳ್ಳುವಂತೆ ಮಾಡಬಲ್ಲ ಈ ಮನುಷ್ಯ ಅಲ್ಲಿ ಬಾಯಿ ಬಿಗಿಹಿಡಿದು ನಿಂತದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಹಾಡನ್ನು ಕೊನೆಯ ಬಾರಿ ಹಾಕಿದರು. "ಅಕ್ಕಾ, ಬಾಗಿಲು ತೆಗಿ, ನಾನು..." ಕೂಗಣ್ಣ ಮೈಕಿನಿಂದ ಹಿಂದೆ ಸರಿದರು. ತೆರೆದೇ ಇದ್ದ ಮೈಕಿನ ಮುಂದೆ ಅಕ್ಕನಿಗೆ ತಡೆಯಲಾಗಲಿಲ್ಲ.

"ತೆಗ್ದಿದೀನಿ, ಬಾರೋ."

ಅದನ್ನು ಅಳಿಸಲು ಅಲ್ಲಿದ್ದ ಯಾರಿಗೂ ಕೈ ಬರಲಿಲ್ಲ. ಹಾಡು ಹಾಗೆಯೇ ಹೊರಬಂದಿದೆ. ಹರಾಜು ಮುಗಿಸಿ ಕೂಗಣ್ಣ ಪೆಟ್ಟಿಗೆಯಿಂದಿಳಿದು ಬೆವರು ಒರೆಸಿಕೊಳ್ಳುತ್ತಾರೆ. "ನಾವಿಬ್ರೂ ಹಾಡಿದ ಹಾಡುಗಳಲ್ಲಿ ಕೊನೇ ಮಾತು ನನ್ನದಲ್ಲದೇ ಇರೋದು ಅದೊಂದೇ," ಎನ್ನುತ್ತಾರೆ. "ಸರಿಯಾಗಿ ಮುಗಿದಿರೋದೂ ಅದೊಂದೇ."