ಪೈಲವಾನ ಕಪೊಯ್ರಾ ಕಲಿತದ್ದು

ಚಾಮರಾಜಪೇಟೆಯ ಹೈಸ್ಕೂಲೊಂದಕ್ಕೆ ದೈಹಿಕ ಶಿಕ್ಷಕನಾಗಿ ಸೇರಿದ ಮೊದಲ ಭಾನುವಾರವೇ ಹೆಡ್‌ಮಾಸ್ತರರು ನನ್ನ ಕೈಗೆ ಪ್ರಾರ್ಥನಾ ಹಾಲ್‌ನ ಬೀಗದ ಕೈ ಕೊಟ್ಟರು. ಬೆಳಿಗ್ಗೆ ಏಳಕ್ಕೆ ಯಾರೋ ಬಾಡಿಗೆಗೆ ಬರುತ್ತಾರೆ, ತೆಗೆದುಕೊಡಿ ಎಂದರು. ಬೀಗ ತೆಗೆದಿಟ್ಟು, ಚಹಾ ಕುಡಿದು ಬಂದು ನೋಡಿದರೆ ಒಬ್ಬ ಹೆಣ್ಣುಮಗಳು ಎರಡು ಕೈಗಳ ಮೇಲೆ ತಲೆಕೆಳಗಾಗಿ ನಿಂತಿದ್ದಳು. ಹಾಗೆ ನಿಂತುಕೊಂಡೇ, "ಸರ್, ಫ್ಯಾನ್ ಸ್ವಿಚ್ ಎಲ್ಲಿದೆ?" ಎಂದಳು. ಮುಖ ಇರಬೇಕಾದ ಜಾಗದಲ್ಲಿ ಪಾದಗಳಿದ್ದವು. ನಾನು ಪಾದಗಳಿಗೇ ಉತ್ತರ ಹೇಳಿ ಹೊರಗೆ ಬಂದೆ.

ನಮ್ಮ ಜಮಖಂಡಿ ಕಡೆಯವರಿಗೆ ಬೆಂಗಳೂರು ಹೀಗೆಯೇ, ಎಲ್ಲವೂ ಸ್ವಲ್ಪ ತಲೆಕೆಳಗು. ಶಂಕರಪುರಂನ ಹಳೆಯ ಮನೆಯೊಂದರ ಹಿಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು. ಮನೆಯೊಡತಿ ನಿವೃತ್ತ ಟೀಚರು. ಶಾಲೆಗೆ ಹೊರಟಾಗ ನಮ್ಮ ರೂಢಿಯಂತೆ "ಹೊಕ್ಕೀನ್ರಿ" ಎಂದೆ. ಹೋಗಿ ಬರುತ್ತೇನೆ ಎಂದು ನನ್ನ ಅರ್ಥ. ಅವರು ಬಾಗಿಲಿಗೆ ಅಡ್ಡ ನಿಂತು, "ಎಲ್ಲಿಗ್ರೀ ಹೊಕ್ಕೋದು? ಒಳಗಡೆ ದೇವರ ಮನೆ ಇದೆ" ಎಂದರು. ಅವರ ಸಾಂಬಾರಿನಲ್ಲಿ ಬೆಲ್ಲ, ನನ್ನ ನಾಲಿಗೆಯಲ್ಲಿ ಖಾರದ ಚಿಂತೆ. ವಾರಕ್ಕೊಮ್ಮೆ ಕಾಟನ್‌ಪೇಟೆಯ ಖಾನಾವಳಿಯವರೆಗೆ ನಡೆದು ಹೋಗಿ ಜೋಳದ ರೊಟ್ಟಿ, ಎಣಗಾಯಿ ತಿಂದು ಬರುತ್ತಿದ್ದೆ.

ಇವಕ್ಕೆಲ್ಲ ಒಗ್ಗಿಕೊಳ್ಳಬಹುದು. ಒಗ್ಗದೆ ಉಳಿದದ್ದು ಬೇರೆ. ಹತ್ತನೆಯ ವಯಸ್ಸಿನಿಂದ ನಾನು ಗರಡಿಯ ಮಣ್ಣಿನಲ್ಲಿ ಬೆಳೆದವನು. ದಿನವೂ ಯಾರದೋ ಕುತ್ತಿಗೆ ನನ್ನ ತೋಳಿನಲ್ಲಿ, ನನ್ನ ಸೊಂಟ ಯಾರದೋ ತೆಕ್ಕೆಯಲ್ಲಿ. ಒಂದು ಕುಸ್ತಿಯಲ್ಲಿ ಬಲಭುಜ ಕೀಲು ತಪ್ಪಿತು. ಕೂಡಿಸಿದರೂ ಕೈ ಕಿವಿಯ ಮೇಲಕ್ಕೆ ಏಳಲಿಲ್ಲ. ಕಣದ ಋಣ ಮುಗಿಯಿತೆಂದುಕೊಂಡು ನೌಕರಿ ಹಿಡಿದು ಬಂದೆ. ಈ ಊರಿನಲ್ಲಿ ಮನುಷ್ಯರ ಮೈಗೆ ಮೈ ತಾಗುವುದು ಸಿಟಿ ಬಸ್ಸಿನಲ್ಲಿ ಮಾತ್ರ, ಅದಕ್ಕೂ "ಸಾರಿ" ಎನ್ನುತ್ತಾರೆ.

ಹಾಗಾಗಿಯೇ ಇರಬೇಕು, ಭಾನುವಾರಗಳಲ್ಲಿ ಬೀಗ ತೆಗೆದು ಅಲ್ಲೇ ಕೂರತೊಡಗಿದೆ. ಅದು ಬ್ರೆಜಿಲ್ ದೇಶದ ಕಪೊಯ್ರಾ ಎಂದು ತಿಳಿಯಿತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಯಜಮಾನರ ಕಣ್ಣಿಗೆ ಕುಣಿತದಂತೆ ಕಾಣಲೆಂದು ಹೀಗೆ ಕಾದಾಟ ಕಲಿತರಂತೆ. ಎಲ್ಲರೂ ಸುತ್ತ ನಿಂತು ಚಪ್ಪಾಳೆ ಹೊಡೆದು ಹಾಡುತ್ತಾರೆ. ಆ ಸುತ್ತಿಗೆ ಹೋಡಾ ಎಂದು ಹೆಸರು. ಬಿಲ್ಲಿಗೆ ಸೋರೆಬುರುಡೆ ಕಟ್ಟಿದ ಒಂಟಿತಂತಿಯ ವಾದ್ಯವನ್ನು ಒಬ್ಬರು ಕಡ್ಡಿಯಿಂದ ಬಾರಿಸುತ್ತಾರೆ. ನಡುವೆ ಇಬ್ಬರು ಒದೆಯುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಒದೆ ಮಾತ್ರ ಯಾರಿಗೂ ಬೀಳುವುದಿಲ್ಲ. ಕಲಿಸುವವಳು ತಲೆಕೆಳಗಾಗಿ ನಿಂತಿದ್ದ ಅದೇ ವಸುಧಾ. ಮಲ್ಲೇಶ್ವರದ ಹುಡುಗಿ, ಲೈಬ್ರರಿಯೊಂದರಲ್ಲಿ ಕೆಲಸ, ಓದಲು ಹೋದ ಮುಂಬೈಯಲ್ಲಿ ಇದನ್ನು ಕಲಿತಿದ್ದಳು.

"ಮೇಡಂ, ಇದರಾಗ ಹಿಡಿಯೋದು ಯಾವಾಗ ಬರ್ತೈತ್ರೀ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಹಿಡಿಯೋದೇ ಇಲ್ಲ ಸರ್. ಬನ್ನಿ, ಆಡಿ ನೋಡಿ."

ಮೊದಲು ಕಲಿಯಬೇಕಾದ್ದು ಜಿಂಗಾ, ಅಂದರೆ ಕಾಲು ಹಿಂದೆ ಮುಂದೆ ಎಳೆಯುತ್ತ ತೂಗಾಡುವುದು. ನಮ್ಮಲ್ಲಿ ಪೈಲವಾನ ಬೇರು ಬಿಟ್ಟಂತೆ ನಿಲ್ಲಬೇಕು, ಇಲ್ಲಿ ನಿಂತವನು ಕೆಟ್ಟ. ಆರು ವಾರ ಎಲ್ಲರೂ ನನ್ನ ಮೂಗಿನ ಮುಂದೆ ಕಾಲು ತಂದು ನಿಲ್ಲಿಸಿ ನಕ್ಕರು. ಏಳನೆಯ ವಾರ, ಸುರೇಶ್ ಎಂಬ ಬ್ಯಾಂಕ್ ಗುಮಾಸ್ತನ ಕಾಲು ಕಿವಿಯ ಪಕ್ಕ ಹಾದಾಗ ನನಗೆ ತಡೆಯಲಾಗಲಿಲ್ಲ. ಹಿಮ್ಮಡಿ ಹಿಡಿದು ತಿರುವಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅವನು ಅಂಗಾತ, ನಾನು ಅವನ ಎದೆಯ ಮೇಲೆ. ಹಾಡು ನಿಂತಿತು. ಊರಲ್ಲಾಗಿದ್ದರೆ ಹಲಗೆ ಬಡಿದು ಹೆಗಲ ಮೇಲೆ ಹೊರುತ್ತಿದ್ದರು.

ವಸುಧಾ ಹತ್ತಿರ ಬಂದಳು. "ನಿಜವಾದ ಜಗಳ ಆದ್ರೆ ನೀವೇ ಗೆಲ್ತೀರಿ ಸರ್, ಅದರಲ್ಲಿ ಡೌಟೇ ಇಲ್ಲ. ಆದ್ರೆ ಆಟ ಮುಗಿದೋಯ್ತಲ್ಲ. ಇನ್ನು ಯಾರ ಜೊತೆ ಆಡ್ತೀರಾ?"

ಸುರೇಶನ ಮೊಣಕೈ ತರಚಿ ರಕ್ತ ಬಂದಿತ್ತು. ಮುಂದಿನ ಭಾನುವಾರ ನಾಚಿಕೆಯಾಗಿ, ಬೀಗ ತೆಗೆದು ಗೇಟಿನ ಬಳಿಯೇ ಕುಳಿತೆ. ಬ್ಯಾಂಡೇಜು ಸುತ್ತಿಕೊಂಡಿದ್ದ ಅವನೇ ಬಂದು, ಆ ಪಟ್ಟು ನನಗೂ ಹೇಳಿಕೊಡಿ ಎಂದು ಕೈ ಹಿಡಿದು ಎಬ್ಬಿಸಿದ. ಬೆಂಗಳೂರಿನಲ್ಲಿ ನನಗೆ ಸಿಕ್ಕ ಮೊದಲ ಗೆಳೆಯ ಅವನು.

ಎರಡು ವರ್ಷದ ಮೇಲೆ ನನ್ನ ವಸ್ತಾದರು, ಅಂದರೆ ಗರಡಿಯ ಗುರು ಸಿದ್ದಪ್ಪನವರು, ಕಣ್ಣಿನ ಪೊರೆ ತೆಗೆಸಲು ಬಂದು ನನ್ನ ಕೋಣೆಯಲ್ಲಿ ಉಳಿದರು. ಪೊರೆ ಹುಬ್ಬಳ್ಳಿಯಲ್ಲೂ ತೆಗೆಯುತ್ತಾರೆ. ಅವರು ಬಂದದ್ದು ಬೇರೆ ಮಾತಿಗೆ ಎಂದು ನನಗೆ ಆಗ ಹೊಳೆಯಲಿಲ್ಲ. ಆಪರೇಷನ್ನಿಗೆ ಮುಂಚಿನ ಭಾನುವಾರ ಹಾಲ್‌ಗೆ ಕರೆದುಕೊಂಡು ಹೋದೆ. ನಾವು ಆಡುವುದನ್ನು, ಕೈಗಳ ಮೇಲೆ ನಡೆಯುವುದನ್ನು ಮಸುಕುಗಣ್ಣಿನಲ್ಲಿ ಬಹಳ ಹೊತ್ತು ನೋಡಿದರು. ವಸುಧಾ ಕೈಮುಗಿದು, ಅಜ್ಜಾ ನೀವೂ ಬನ್ನಿ ಎಂದಾಗ ಎಲ್ಲರೂ ನಗುತ್ತಾರೆಂದುಕೊಂಡೆ, ಯಾರೂ ನಗಲಿಲ್ಲ. ವಸ್ತಾದರು ಧೋತರ ಮೇಲೆ ಕಟ್ಟಿ, ನೆಲ ಮುಟ್ಟಿ ಹಣೆಗೊತ್ತಿಕೊಂಡು ಸುತ್ತಿನೊಳಗೆ ಬಂದರು. ಅವಳು ನಿಧಾನವಾಗಿ ಅವರ ಸುತ್ತ ತೂಗಿದಳು, ಉರುಳಿದಳು. ಅವರು ಅಂಗಾಲಿನ ಮೇಲೆ ಬರೀ ತಿರುಗುತ್ತಿದ್ದರು. ಅವಳ ಕಾಲು ಮೇಲೆದ್ದಾಗ ಆ ಮುದಿ ಕೈ ಸರಕ್ಕನೆ ಹೋಗಿ ಹಿಮ್ಮಡಿಯನ್ನು ಹಿಡಿಯಿತು. ತಿರುವಿಯೇಬಿಡುತ್ತಾರೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಒಂದು ಗಳಿಗೆ ಹಿಡಿದು, ಮೆಲ್ಲಗೆ ಬಿಟ್ಟುಬಿಟ್ಟರು.

ಮನೆಗೆ ನಡೆಯುವಾಗ ಹೇಳಿದರು: "ಕಣದಾಗ ಇದು ಎರಡು ನಿಮಿಷ ನಿಲ್ಲಂಗಿಲ್ಲ ತಮ್ಮಾ."

ಹೌದೆಂದೆ.

"ಆದರ ನಿನ್ನ ಬಲಗೈ ಮ್ಯಾಲೆ ಏಳಾಕತ್ತೈತಿ. ನೋಡಿದೆ ನಾನು."

ಕೈಗಳ ಮೇಲೆ ನಡೆದೂ ನಡೆದೂ ಭುಜ ಸಡಿಲಾದದ್ದು ನನಗೇ ಸರಿಯಾಗಿ ಗೊತ್ತಾಗಿರಲಿಲ್ಲ. ಆಮೇಲೆ ಅವರು ಬಂದ ಮಾತು ತೆಗೆದರು: ತಮಗೆ ಇನ್ನು ಆಗುವುದಿಲ್ಲ, ಊರಿಗೆ ಬಂದು ಗರಡಿ ನೋಡಿಕೋ. ಒಂದು ವರ್ಷದ ಹಿಂದೆ ಕೇಳಿದ್ದರೆ ಆ ರಾತ್ರಿಯೇ ಗಂಟು ಕಟ್ಟುತ್ತಿದ್ದೆ. ಈಗ ಭಾನುವಾರದ ಸುತ್ತನ್ನು ಬಿಡಲಾರೆ ಎನಿಸಿತು. ಕೊನೆಗೆ, ಬೇಸಿಗೆ ರಜೆಯ ಎರಡು ತಿಂಗಳು ಬರುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಊಟಕ್ಕೆ ಕೂತಾಗ ಮನೆಯೊಡತಿಯ ಬೆಲ್ಲದ ಸಾಂಬಾರನ್ನು ಎರಡು ಸಲ ಹಾಕಿಸಿಕೊಂಡರು.

ಹೋದ ಬೇಸಿಗೆಯಲ್ಲಿ ಗರಡಿಗೆ ಇಳಿದೆ. ಎಣ್ಣೆ, ಮಜ್ಜಿಗೆ ಕಲಸಿದ ಆ ಕೆಂಪು ಮಣ್ಣಿನ ವಾಸನೆಗೆ ಕಣ್ಣು ತುಂಬಿ ಬಂತು. ಎದುರಾಳಿ ಕೈ ಚಾಚಿದ. ನಾನು ತೆಕ್ಕೆಗೆ ಹೋಗುವ ಬದಲು, ನನಗೆ ತಿಳಿಯದೆಯೇ ಒಂದು ಹೆಜ್ಜೆ ಹಿಂದಕ್ಕೆ ತೂಗಿದೆ. ನೆರೆದವರು ನಕ್ಕು, ಪೈಲವಾನರಿಗೆ ಬೆಂಗಳೂರು ಹತ್ತಿತು ಎಂದರು. ಶಾಲೆ ಶುರುವಾದ ಮೇಲಿನ ಮೊದಲ ಭಾನುವಾರ ವಸುಧಾ, "ಏನ್ ಸರ್, ಮತ್ತೆ ಕಂಬದ ಥರ ನಿಂತ್ಬಿಟ್ರಿ?" ಎಂದಳು.

ಎರಡು ಕಡೆಯೂ ನಾನು ನಗುತ್ತ ತಲೆಯಾಡಿಸಿದೆ. ಗರಡಿಯವರಿಗೆ ವಸುಧಾಳ ಮೇಲೆ, ವಸುಧಾಳಿಗೆ ಗರಡಿಯವರ ಮೇಲೆ ಚಾಡಿ ಹೇಳಲು ಮನಸ್ಸು ಬರಲಿಲ್ಲ.