ಹುಳುಮನೆ ಪಕ್ಕದ ಪಿಟೀಲು

ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ಯಶೋಧರಾ ಸೀರೆಗಳ ಜೊತೆ ಒಂದು ಮರದ ಪಿಟೀಲನ್ನೂ ತಂದಿದ್ದಳು. ಸೀರೆಗಳಿಗೆ ಬೀರುವಿನಲ್ಲಿ ಜಾಗ ಸಿಕ್ಕಿತು. ಪಿಟೀಲಿಗೆ ಮನೆಯಲ್ಲೆಲ್ಲೂ ಸಿಗಲಿಲ್ಲ. ಗೋಡೆಯಾಚೆಗೇ ರೇಷ್ಮೆಹುಳು ಸಾಕುವ ಕೋಣೆ. ಹುಳುಗಳಿಗೆ ಸದ್ದು ಆಗದು ಎಂಬುದು ಅತ್ತೆ ಗಂಗುಲಮ್ಮನವರ ಕಾನೂನು. ಅವರ ಮಗನೇ ಸೀನಲು ಅಂಗಳಕ್ಕೆ ಹೋಗಬೇಕಿತ್ತು.

ಯಶೋಧರಾ ಜಗಳಕ್ಕೆ ಹೋಗಲಿಲ್ಲ, ಎಲೆಕ್ಟ್ರಿಕ್ ಪಿಟೀಲು ಕೊಂಡಳು. ಸ್ಪೀಕರಿಗೆ ಸಿಕ್ಕಿಸದಿದ್ದರೆ ಅದರ ಸದ್ದು ಪಕ್ಕದ ಮಂಚಕ್ಕೂ ಮುಟ್ಟದು. ಹೆಡ್‌ಫೋನ್ ಹಾಕಿಕೊಂಡು ವರ್ಷಗಟ್ಟಲೆ ನುಡಿಸಿದಳು. "ಸದ್ದೇ ಬರದ ಪಿಟೀಲು ಕಣಮ್ಮ. ಅಂಗಡಿಯವನು ಚೆನ್ನಾಗಿ ಟೋಪಿ ಹಾಕವ್ನೆ," ಎಂದು ಗಂಗುಲಮ್ಮ ಊರಿಗೆಲ್ಲ ಮರುಗಿದರು.

ಚಿಕ್ಕಬಳ್ಳಾಪುರದ ಸಿದ್ಧಾರ್ಥ್ ಜಾಝ್ ಫ್ಯೂಷನ್ ಆಲ್ಬಂ ಮಾಡಲು ಹೊರಟಾಗ ತನ್ನ ತಂಡಕ್ಕೆ ಅವಳನ್ನೂ ಸೇರಿಸಿಕೊಂಡ. ಎಲ್ಲ ಟ್ರ್ಯಾಕಿನಲ್ಲೂ ಮುಂದೆ ಅವನ ಸ್ಯಾಕ್ಸೊಫೋನ್, ಪಿಟೀಲು ಎಲೆಯ ತುದಿಯ ಉಪ್ಪಿನಕಾಯಿ. ಒಂದು ಟ್ರ್ಯಾಕಿನಲ್ಲಾದರೂ ಪಿಟೀಲು ಮುಂದಿರಲಿ ಎಂದು ಅವಳು ಬಾಯಿಬಿಟ್ಟು ಕೇಳಿದಳು. "ನೋಡೋಣ ಅಕ್ಕ," ಎಂದ. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹಾಗೆಂದ ವ್ಯಾಪಾರಿ ಮತ್ತೆ ಆ ಕಡೆ ಸುಳಿಯುವುದಿಲ್ಲ.

ಕೊನೆಯ ಟ್ರ್ಯಾಕ್ ಬಾಕಿಯಿದ್ದಾಗ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚಿನ ನಿದ್ದೆ ಅದು. ಎದ್ದರೆ ಸೊಪ್ಪು ಹಾಕಲು ಮನೆಮಂದಿಯೆಲ್ಲ ಬೇಕು. ಯಶೋಧರಾ ಊರು ಬಿಡುವಂತಿರಲಿಲ್ಲ.

"ಅವರನ್ನೇ ಇಲ್ಲಿಗೆ ಕರಿಯಮ್ಮ," ಎಂದರು ಗಂಗುಲಮ್ಮ. "ನಿನ್ನ ಪಿಟೀಲು ಸದ್ದು ಮಾಡಲ್ವಲ್ಲ, ಅವರವೂ ಅಂಥವೇ ಇರ್ತವೆ."

ಸಿದ್ಧಾರ್ಥ್ ತಂಡದ ಜೊತೆ ಬಂದವನೇ ಸ್ಯಾಕ್ಸೊಫೋನ್ ಒಮ್ಮೆ ಊದಿದ. ಗಂಗುಲಮ್ಮ ಹುಳುಮನೆ ಬಾಗಿಲಿಗೆ ಅಡ್ಡ ನಿಂತರು.

"ಏನಪ್ಪ ಅದು, ಲಾರಿ ಹಾರನ್ನಾ?"

"ಜಾಝ್, ಅಮ್ಮ."

"ಏನಾನ ಆಗ್ಲಿ. ಹುಳ ಮಲಗವೆ. ಊದೋದು ಬೇಡ."

ಬೇಸ್ ಗಿಟಾರನ್ನೂ ರಬ್ಬರ್ ಹಾಸಿನ ಎಲೆಕ್ಟ್ರಿಕ್ ಡ್ರಮ್ಮನ್ನೂ ನೇರ ಕಂಪ್ಯೂಟರಿಗೆ ಸಿಕ್ಕಿಸಬಹುದಿತ್ತು. ಊದುವ ವಾದ್ಯಕ್ಕೆ ಆ ಉಪಾಯವಿಲ್ಲ. "ಸದ್ಯ ನನ್ನ ಜಾಗದಲ್ಲಿ ನೀವೇ ನುಡಿಸಿ ಅಕ್ಕ. ಆಮೇಲೆ ಅಳಿಸಿ ನಂದು ಹಾಕ್ತೀನಿ," ಎಂದ ಸಿದ್ಧಾರ್ಥ್, ಉದಾರಿಯ ಗತ್ತಿನಲ್ಲಿ.

ಅಳಿಸಿ ಹೋಗುವುದಕ್ಕೆ ಹೆದರುವುದೇನು? ಯಶೋಧರಾ ಮನಸ್ಸಿಗೆ ಬಂದಂತೆ ಕಮಾನು ಎಳೆದಳು. ನೋಡುವವರಿಗೆ ಕಂಡದ್ದು, ಹೆಡ್‌ಫೋನ್ ಹಾಕಿಕೊಂಡವರು ನಿಶ್ಶಬ್ದವಾಗಿ ತಲೆದೂಗುತ್ತಿದ್ದುದು, ಅಷ್ಟೇ.

ಮುಗಿದ ಮೇಲೆ ಗಂಗುಲಮ್ಮ ಹೆಡ್‌ಫೋನ್ ಕೈಗೆತ್ತಿಕೊಂಡು, ಗೂಡಿನೊಳಗೆ ಹುಳ ಉಂಟೋ ಇಲ್ಲವೋ ಎಂದು ನೋಡುವ ಹಾಗೆ ಕಿವಿಯ ಬಳಿ ಅಲುಗಾಡಿಸಿದರು. ಆಮೇಲೆ ಹಾಕಿಕೊಂಡರು. ಯಶೋಧರಾ ಟ್ರ್ಯಾಕನ್ನು ಮತ್ತೆ ಹಾಕಿದಳು. ಅತ್ತೆಯ ಹುಬ್ಬು ಮೇಲೇರಿತು.

"ಇಷ್ಟು ಗಲಾಟೆ ಮಾಡ್ಕೊಂಡು ಇಷ್ಟು ವರ್ಷ ನನ್ನ ಗೋಡೆ ಪಕ್ಕ ಕೂತಿದ್ದೆಯೇನೇ?"

ಸಿದ್ಧಾರ್ಥ್ ಕೈಚಾಚಿದ. "ಕೊಡಿ ಅಮ್ಮ, ಅದನ್ನ ಅಳಿಸಬೇಕು."

"ತಡಿಯಪ್ಪ. ಇನ್ನೂ ಬರ್ತಾ ಐತೆ."

ಅವರು ಬಿಟ್ಟುಕೊಟ್ಟ ಮೇಲೆ ಅವನೂ ಕೇಳಿದ, ಎರಡು ಸಲ. ಆಮೇಲೆ ಸ್ಯಾಕ್ಸೊಫೋನನ್ನು ಒರೆಸಿ ಪೆಟ್ಟಿಗೆಗೆ ಹಾಕಿದ. ಆಲ್ಬಂ ಈಗ ಆ ಟ್ರ್ಯಾಕಿನಿಂದಲೇ ಶುರುವಾಗುತ್ತದೆ; ಉಳಿದವುಗಳಲ್ಲೂ ಪಿಟೀಲೇ ಮುಂದೆ. ಅವನ್ನೆಲ್ಲ ಮತ್ತೆ ನುಡಿಸಲು ಅವಳು ಚಿಕ್ಕಬಳ್ಳಾಪುರಕ್ಕೆ ಹೋದದ್ದು ಹುಳುಗಳು ಗೂಡು ಕಟ್ಟಿದ ಮೇಲೆ, ಅತ್ತೆ ಹೂಂ ಎಂದ ದಿನ.